ಸೆರೆಮನೆಯ ಒಳಗೋಡೆಗಳು

ಸೆರೆಮನೆಯೆಂದೊಡನೆ ಜನರ ಕಣ್ಣಿಗೆ ಕಟ್ಟುವುದು ಅದರ ಎತ್ತರವಾದ ಹೊರಗೋಡೆ. ಒಳಗೆ ಹೋದವನಿಗಾದರೋ ಅದಕ್ಕಿಂತ ಮುಖ್ಯವಾದುವು ಒಳಗೋಡೆಗಳು. ಹೆಬ್ಬಾಗಿಲ ಬಳಿ ಹೆಸರು, ವಯಸ್ಸು, ಊರು, ಆರೋಪ ಇವನ್ನೆಲ್ಲ ದಾಖಲೆ ಪುಸ್ತಕದಲ್ಲಿ ಬರೆದುಕೊಂಡ ಬಳಿಕ, ಅವನು ಯಾವ ಕೊಠಡಿಯಲ್ಲಿ, ಯಾರ ಜೊತೆಯಲ್ಲಿ ಇರಬೇಕೆಂಬುದನ್ನು ಅಧಿಕಾರಿಗಳು ಗೊತ್ತುಪಡಿಸುತ್ತಾರೆ. ಅವನ ಮುಂದಿನ ದಿನಗಳು ಹೇಗೆ ಕಳೆಯುವುವೆಂಬುದು ಬಹುಮಟ್ಟಿಗೆ ಈ ಒಂದು ನಿರ್ಧಾರವನ್ನೇ ಅವಲಂಬಿಸಿರುತ್ತದೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಅನೇಕ ಸೆರೆಮನೆಗಳಲ್ಲಿ ಇಂತಹ ವಿಂಗಡಣೆಯೇ ಇರಲಿಲ್ಲ. ಸಾಲ ತೀರಿಸಲಾರದ ಬಡವ, ಕೊಲೆಗಡುಕ, ಹೆಂಗಸರು, ಎಳೆಯ ಹುಡುಗರು, ಎಲ್ಲರೂ ಒಟ್ಟಿಗೇ ಇರುತ್ತಿದ್ದರು. ಊರೂರು ಸುತ್ತಿ ಇದನ್ನು ಕಣ್ಣಾರೆ ಕಂಡ ಜಾನ್ ಹೊವಾರ್ಡ್ ೧೭೭೭ರಲ್ಲಿ ಪ್ರಕಟಿಸಿದ ಗ್ರಂಥವು ಸುಧಾರಣೆಗೆ ದಾರಿಮಾಡಿತು. ಸಣ್ಣ ತಪ್ಪಿಗಾಗಿ ಒಳಹೊಕ್ಕ ಹುಡುಗನು ನುರಿತ ಕಳ್ಳನ ಶಿಷ್ಯನಾಗಿ ಹೊರಬರುವ ಸ್ಥಳವನ್ನು ಕಳ್ಳತನದ ಪಾಠಶಾಲೆಯೆನ್ನುವುದೇ ಸರಿ.

ಭಾರತದಲ್ಲಿ ೧೮೯೪ರ ಬಂದೀಖಾನೆ ಕಾಯಿದೆಯು ಸ್ಪಷ್ಟವಾದ ನಿಯಮಗಳನ್ನು ವಿಧಿಸಿತು. ಗಂಡಸರು ನೋಡಲೂ ಮಾತನಾಡಿಸಲೂ ಆಗದಂತೆ ಹೆಂಗಸರನ್ನು ಬೇರೆ ಇರಿಸಬೇಕು. ೨೧ ವರ್ಷ ತುಂಬದ ಯುವಕರನ್ನು ಪ್ರತ್ಯೇಕಿಸಬೇಕು. ಸಿವಿಲ್ ಕೈದಿಗಳನ್ನು ಅಪರಾಧಿಗಳೊಡನೆ ಸೇರಿಸಬಾರದು. (ಇಂದಾದರೋ ೧೮ ವರ್ಷ ತುಂಬದವರನ್ನು ಸೆರೆಮನೆಗೆ ಕಳುಹಿಸುವಂತೆಯೇ ಇಲ್ಲ.) ಎಲ್ಲಕ್ಕಿಂತ ಮಹತ್ತ್ವದ್ದು, ವಿಚಾರಣಾಧೀನ ಕೈದಿಯನ್ನು ಶಿಕ್ಷೆ ಪಡೆದವನಿಂದ ದೂರವಿಡಬೇಕೆಂಬ ನಿಯಮ. ಅವನ ಅಪರಾಧ ಇನ್ನೂ ಸಿದ್ಧವಾಗಿಲ್ಲ. ಆದುದರಿಂದ ಅವನು ತನ್ನ ಸ್ವಂತ ಬಟ್ಟೆಯನ್ನು ಉಡಬಹುದು, ಹೊರಗಿನಿಂದ ಊಟ ತರಿಸಿಕೊಳ್ಳಬಹುದು. ಆದರೆ ನಿಯಮ ಬರೆದಷ್ಟು ಸುಲಭವಾಗಿ ಕೊಠಡಿಗಳನ್ನು ಕಟ್ಟಲಾಗದು. ೨೦೨೨ರ ಕೊನೆಯಲ್ಲಿ ದೇಶದ ನಾಲ್ವರು ಕೈದಿಗಳಲ್ಲಿ ಮೂವರು ವಿಚಾರಣಾಧೀನರೇ ಆಗಿದ್ದರು. ೧೦೦ ಮಂದಿಗೆಂದು ಇದ್ದ ಸ್ಥಳದಲ್ಲಿ ೧೩೧ ಮಂದಿಯಿದ್ದರು.

ರಕ್ಷಣೆಗೆಂದು ಹುಟ್ಟಿದ ವಿಂಗಡಣೆ ಅವಮಾನದ ಸಾಧನವಾದುದೂ ಉಂಟು. ಬ್ರಿಟಿಷರ ಆಳ್ವಿಕೆಯಲ್ಲಿ ಐರೋಪ್ಯ ಕೈದಿಗೆ ಒಳ್ಳೆಯ ಊಟ, ಒಳ್ಳೆಯ ಉಡುಪು. ಭಾರತೀಯ ದೇಶಭಕ್ತನಿಗೆ ಕೀಳು ಆಹಾರ, ಒರಟು ಬಟ್ಟೆ. ೧೯೨೯ರ ಜೂನ್ ತಿಂಗಳಲ್ಲಿ ಭಗತ್‌ಸಿಂಗ್ ಮತ್ತು ಬಟುಕೇಶ್ವರ ದತ್ತರು ಪಂಜಾಬಿನ ಸೆರೆಮನೆಗಳಲ್ಲಿ ಇದನ್ನು ಪ್ರತಿಭಟಿಸಿ ಉಪವಾಸ ಹೂಡಿದರು. ಅವರು ಕೇಳಿದ್ದೇನು? ಬಿಡುಗಡೆಯನ್ನಲ್ಲ, ತಕ್ಕ ಆಹಾರ, ಓದಲು ಪುಸ್ತಕ, ಪತ್ರಿಕೆ, ರಾಜಕೀಯ ಕೈದಿಗಳೆಂಬ ಮನ್ನಣೆ. ಜುಲೈ ೧೩ರಂದು ಲಾಹೋರಿನಲ್ಲಿ ಬಂಗಾಳದ ತರುಣ ಜತೀಂದ್ರನಾಥ ದಾಸರೂ ಉಪವಾಸಕ್ಕೆ ತೊಡಗಿದರು. ಬಲಾತ್ಕಾರವಾಗಿ ಆಹಾರ ಹಾಕಲು ಅಧಿಕಾರಿಗಳು ಯತ್ನಿಸಿದಾಗ ಅವರ ಶ್ವಾಸಕೋಶಕ್ಕೆ ಧಕ್ಕೆಯಾಯಿತು. ದೇಹ ದಿನದಿನಕ್ಕೆ ಕರಗಿತು, ಮನಸ್ಸು ಮಣಿಯಲಿಲ್ಲ. ೬೩ ದಿನಗಳ ಉಪವಾಸದ ಕೊನೆಗೆ, ಸೆಪ್ಟೆಂಬರ್ ೧೩ರಂದು ಅವರು ಪ್ರಾಣಬಿಟ್ಟರು. ಆಗ ಅವರಿಗೆ ೨೫ ವರ್ಷವೂ ತುಂಬಿರಲಿಲ್ಲ. ಪಾರ್ಥಿವ ಶರೀರವನ್ನು ಹೊತ್ತ ರೈಲುಬಂಡಿ ಲಾಹೋರಿನಿಂದ ಕಲ್ಕತ್ತೆಗೆ ಸಾಗಿದಾಗ ದಾರಿಯ ನಿಲ್ದಾಣಗಳಲ್ಲಿ ಜನ ಕಿಕ್ಕಿರಿದು ನೆರೆದರು.

ಮರುವರ್ಷ ಸರ್ಕಾರವು ಕೈದಿಗಳನ್ನು ‘ಎ’, ‘ಬಿ’, ‘ಸಿ’ ಎಂದು ಮೂರು ವರ್ಗಗಳಾಗಿ ವಿಂಗಡಿಸಿತು. ಬಣ್ಣದ ಭೇದ ಕಾಗದದ ಮೇಲೆ ಮರೆಯಾಯಿತು. ಅದರ ಸ್ಥಾನಕ್ಕೆ ವಿದ್ಯೆ, ಅಂತಸ್ತು, ಮನೆಯಲ್ಲಿ ರೂಢಿಯಾಗಿದ್ದ ಸುಖಜೀವನ ಬಂದುವು. ಒಂದೇ ಸತ್ಯಾಗ್ರಹದಲ್ಲಿ ಬಂಧಿತರಾದವರಲ್ಲಿ ವಕೀಲರು ಮೇಲಿನ ವರ್ಗಕ್ಕೂ ರೈತರು ‘ಸಿ’ ವರ್ಗಕ್ಕೂ ಸೇರುವಂತಾಯಿತು. ಜತೀಂದ್ರರು ಪ್ರಾಣ ತೆತ್ತದ್ದು ಇಷ್ಟಕ್ಕಲ್ಲ.

ಸ್ವಾತಂತ್ರ್ಯ ಬಂದ ಮೇಲೆಯೂ ಕೆಲವು ರಾಜ್ಯಗಳ ಸೆರೆಮನೆ ಕೈಪಿಡಿಗಳಲ್ಲಿ ಇನ್ನೊಂದು ಗೋಡೆ ಹಾಗೆಯೇ ಉಳಿದಿತ್ತು. ಅಡುಗೆಯ ಕೆಲಸ ಮೇಲುಜಾತಿಯವರಿಗೆ; ಕಸ ಗುಡಿಸುವ, ಕಕ್ಕಸು ತೊಳೆಯುವ ಕೆಲಸ ಕೆಳಜಾತಿಯೆನಿಸಿಕೊಂಡವರಿಗೆ. ಕೆಲವೆಡೆ ವಸತಿಯೂ ಜಾತಿಯಂತೆಯೇ. ಪತ್ರಕರ್ತೆ ಸುಕನ್ಯಾ ಶಾಂತಾ ಅವರು ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ೨೦೨೪ರ ಅಕ್ಟೋಬರ್ ೩ರಂದು ನ್ಯಾಯಾಲಯವು ಇಂತಹ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತು. ಮೂರು ತಿಂಗಳೊಳಗೆ ಕೈಪಿಡಿಗಳನ್ನು ತಿದ್ದಬೇಕೆಂದೂ, ಸೆರೆಮನೆಯ ದಾಖಲೆ ಪುಸ್ತಕಗಳಲ್ಲಿ ಕೈದಿಯ ಜಾತಿಯನ್ನು ಬರೆಯುವ ಅಂಕಣವನ್ನೇ ತೆಗೆದುಹಾಕಬೇಕೆಂದೂ ಆಜ್ಞಾಪಿಸಿತು.