ರಸಾಯನ ಪ್ರಯೋಗಾಲಯದಲ್ಲಿ ವಿದ್ಯುತ್ ಬೆಂಕಿ: ಸದಸ್ಯರು ಅರಿತಿರಬೇಕಾದ ಸಂಗತಿಗಳು



ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲ್ಲೂಕುಗಳ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳಿಗೆ ತಾವು ಭೇಟಿ ನೀಡುವಾಗ ಕಟ್ಟಡ, ಶೌಚಾಲಯ, ಬಿಸಿಯೂಟದ ಕೋಣೆಗಳನ್ನು ನೋಡುತ್ತೀರಿ. ರಸಾಯನಶಾಸ್ತ್ರದ ಪ್ರಯೋಗಾಲಯವನ್ನೂ ಅದೇ ಗಮನದಿಂದ ನೋಡಬೇಕೆಂಬುದು ಈ ಪಾಠದ ಉದ್ದೇಶ. ದಾಂಡೇಲಿಯ ಕಾಗದ ಕಾರ್ಖಾನೆಯಂತಹ ಉದ್ಯಮಗಳು ಕಾರ್ಖಾನೆಗಳ ಕಾನೂನಿನ ವ್ಯಾಪ್ತಿಯಲ್ಲಿವೆ. ಶಾಲೆಯ ಪ್ರಯೋಗಾಲಯ ಆ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಎಚ್ಚರ ವಹಿಸತಕ್ಕವರು ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿ ಮತ್ತು ಊರಿನ ಪ್ರತಿನಿಧಿಗಳು.

ಇತರ ಕೊಠಡಿಗಳ ವೈರಿಂಗ್‌ಗಿಂತ ಪ್ರಯೋಗಾಲಯದ ವೈರಿಂಗ್ ಬೇಗ ಹಾಳಾಗುತ್ತದೆ. ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ಹಬೆ, ಅಮೋನಿಯಾ, ಹೈಡ್ರೋಜನ್ ಸಲ್ಫೈಡ್ ಅನಿಲ ಇವೆಲ್ಲವೂ ತಾಮ್ರ ಹಿತ್ತಾಳೆಗಳನ್ನು ತಿನ್ನುತ್ತವೆ. ಬಳಸದೆ ಇಟ್ಟ ಹಿತ್ತಾಳೆ ಪಾತ್ರೆಗೆ ಕಿಲುಬು ಹಿಡಿಯುವಂತೆ ಸಾಕೆಟ್‌ನ ಒಳಗೂ ಹಿಡಿಯುತ್ತದೆ. ಆಗ ಸಂಪರ್ಕ ಸಡಿಲವಾಗಿ, ಹರಿಯುವ ವಿದ್ಯುತ್ತಿಗೆ ಅಲ್ಲಿ ತಡೆ ಹೆಚ್ಚುತ್ತದೆ. ತಡೆ ಹೆಚ್ಚಿದೆಡೆ ಶಾಖ ಹುಟ್ಟುತ್ತದೆ. 2000 ವ್ಯಾಟ್‌ನ ಹಾಟ್ ಪ್ಲೇಟ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಕಿಲುಬು ಹಿಡಿದ ಸಂಪರ್ಕದ ತಡೆ ಕೇವಲ ಅರ್ಧ ಓಮ್ ಆದರೂ ಅಲ್ಲಿ ಸುಮಾರು 38 ವ್ಯಾಟ್ ಶಾಖ ಉಂಟಾಗುತ್ತದೆ. ಪ್ಲಾಸ್ಟಿಕ್ ಸಾಕೆಟ್‌ನೊಳಗೆ ಉರಿಯುತ್ತಿರುವ ಸೋಲ್ಡರಿಂಗ್ ಐರನ್ ಇಟ್ಟಂತೆ. ಇಷ್ಟಾದರೂ 16 ಆಂಪಿಯರ್‌ನ ಎಂ.ಸಿ.ಬಿ. ಬೀಳುವುದಿಲ್ಲ, ಏಕೆಂದರೆ ಮಿತಿಗಿಂತ ಹೆಚ್ಚು ವಿದ್ಯುತ್ ಹರಿದೇ ಇಲ್ಲ. ಎಂ.ಸಿ.ಬಿ. ಇದೆಯೆಂದು ನೆಮ್ಮದಿಯಿಂದ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹಳೆಯ ಫ್ಯೂಸ್ ಇದ್ದಲ್ಲಿ ದಪ್ಪ ತಾಮ್ರದ ತಂತಿ ಕಟ್ಟಿ ಕೆಲಸ ಸಾಗಿಸುವ ರೂಢಿಯಂತೂ ಇನ್ನೂ ಅಪಾಯಕರ.

ಆದುದರಿಂದ ತಪಾಸಣೆಗೆ ಉಪಕರಣ ಬೇಕಿಲ್ಲ. ಸಾಕೆಟ್ ಕಂದುಬಣ್ಣಕ್ಕೆ ತಿರುಗಿದೆಯೇ, ಪ್ಲಗ್ ಅಲುಗಾಡುತ್ತದೆಯೇ, ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತದೆಯೇ, ಹಾಟ್ ಪ್ಲೇಟನ್ನು 6 ಆಂಪಿಯರ್ ಸಾಕೆಟ್‌ಗೋ ಎಕ್ಸ್‌ಟೆನ್ಷನ್ ಬೋರ್ಡ್‌ಗೋ ಚುಚ್ಚಿದ್ದಾರೆಯೇ ಎಂದು ನೋಡಿದರೆ ಸಾಕು. ಬೋರ್ಡನ್ನು ಮಾತ್ರ ತಾವು ಬಿಚ್ಚಬಾರದು.

ಕಿಡಿಗೆ ಇಂಧನವೂ ಅದೇ ಕೊಠಡಿಯಲ್ಲಿರುತ್ತದೆ. ಈಥರ್ ಶೂನ್ಯಕ್ಕಿಂತ 45 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಅದು ಮೇಲೇರದೆ ಮೇಜಿನ ಮೇಲೆ, ನೆಲದ ಮೇಲೆ ಹರಿದು ದೂರದ ಕಿಡಿಯನ್ನು ತಲುಪಬಲ್ಲದು. ಅಸಿಟೋನ್, ಮದ್ಯಸಾರಗಳೂ ನಮ್ಮ ಹಗಲಿನ ಹವೆಯಲ್ಲೇ ಹೊತ್ತಿಕೊಳ್ಳತಕ್ಕವು. ಇವುಗಳ ಬಾಟಲಿಗಳನ್ನು ಮನೆಬಳಕೆಯ ಫ್ರಿಜ್‌ನಲ್ಲಿ ಇಡುವುದುಂಟು. ಅದರ ಒಳಗಿನ ಥರ್ಮೋಸ್ಟಾಟ್ ಮತ್ತು ದೀಪದ ಸ್ವಿಚ್ ಪ್ರತಿಸಲವೂ ಸಣ್ಣ ಕಿಡಿ ಹಾರಿಸಬಲ್ಲವು. ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ ತುಂಬಿದ್ದರೆ ಬಾಗಿಲೇ ಹಾರಿಹೋಗುವ ಸ್ಫೋಟ ಸಂಭವಿಸಬಹುದು. ಅಂತಹ ದ್ರವಗಳನ್ನು ಸ್ವಿಚ್‌ಗಳಿಂದ ದೂರದ, ಗಾಳಿಯಾಡುವ ಕಪಾಟಿನಲ್ಲಿ ಇರಿಸತಕ್ಕದ್ದು.

ಜೋಯಿಡಾದ ಮಳೆಗಾಲವನ್ನು ಇಲ್ಲಿ ಮರೆಯಲಾಗದು. ನೆನೆದ ಗೋಡೆಯಲ್ಲಿ ವಿದ್ಯುತ್ ಸೋರುತ್ತದೆ. ಸೋರಿಕೆಯನ್ನು ಗುರುತಿಸಿ ಸಂಪರ್ಕ ಕಡಿಯುವ ಆರ್.ಸಿ.ಸಿ.ಬಿ. ಸಾಧನ ಇಂತಹ ಕೊಠಡಿಗೆ ಅವಶ್ಯಕ. ಗೋಡೆಗೆ ಬಣ್ಣ ಬಳಿಸುವ ಮೊದಲೇ ಈ ವೆಚ್ಚಕ್ಕೆ ಆದ್ಯತೆ ಸಲ್ಲಬೇಕು. ಮೇನ್ ಸ್ವಿಚ್ ಪ್ರಯೋಗಾಲಯದ ಬಾಗಿಲಿನ ಹೊರಗಿರಲಿ. ಒಳಗಿದ್ದರೆ ಬೆಂಕಿ ಬಿದ್ದಾಗ ಅದನ್ನು ಆರಿಸಲು ಯಾರಾದರೊಬ್ಬರು ಹೊಗೆಯೊಳಗೆ ನುಗ್ಗಬೇಕಾಗುತ್ತದೆ.

ಬೆಂಕಿ ಕಂಡೊಡನೆ ಮಕ್ಕಳನ್ನು ಹೊರಗೆ ಕಳುಹಿಸಿ, ಹೊರಗಿನಿಂದ ವಿದ್ಯುತ್ ಕಡಿದು, 101 ಅಥವಾ 112ಕ್ಕೆ ಕರೆ ಮಾಡಬೇಕು. ನೀರು ಎರಚಕೂಡದು. ವಿದ್ಯುತ್ ಹರಿಯುತ್ತಿರುವಾಗ ನೀರು ಎರಚುವವನಿಗೇ ಆಘಾತ ತಗಲುತ್ತದೆ; ಸೀಮೆಎಣ್ಣೆಯಲ್ಲಿಟ್ಟ ಸೋಡಿಯಂ ಲೋಹಕ್ಕೆ ನೀರು ತಾಗಿದರೆ ಅದು ಸಿಡಿಯುತ್ತದೆ. ವಿದ್ಯುತ್ ಬೆಂಕಿಗೆ ಇಂಗಾಲದ ಡೈಆಕ್ಸೈಡ್ ನಂದಕ, ಸೋಡಿಯಂಗೆ ಒಣ ಮರಳು. ಅಗ್ನಿಶಾಮಕ ವಾಹನವು ಕಾಡಿನ ದಾರಿಯಲ್ಲಿ ಒಳಗಿನ ಹಳ್ಳಿಗಳನ್ನು ತಲುಪಲು ತಗಲುವ ಸಮಯವನ್ನು ತಾವೇ ಬಲ್ಲಿರಿ. ಆದ್ದರಿಂದ ಈ ಎರಡೂ ಬಾಗಿಲ ಬಳಿ ಸಿದ್ಧವಿರಬೇಕು.

ದೋಷ ಕಂಡುಬಂದಲ್ಲಿ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಿ, ಪ್ರೌಢಶಾಲೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಪದವಿಪೂರ್ವ ಕಾಲೇಜಾದರೆ ಆ ಇಲಾಖೆಯ ಉಪನಿರ್ದೇಶಕರಿಗೆ ಪ್ರತಿ ಕಳುಹಿಸುವುದು. ದುರಸ್ತಿಯನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಕಂಬದಿಂದ ಮೀಟರ್‌ವರೆಗಿನ ದೋಷಕ್ಕೆ ಹೆಸ್ಕಾಂನ 1912ಕ್ಕೆ ದೂರು ನೀಡಬಹುದು.