ಸೋತ ತೋಳಿಗೆ ವಿದ್ಯುತ್ ಪ್ರಚೋದನೆಯ ವ್ಯಾಯಾಮ

ಕೈ ಕೆಸರಾದರೆ ಬಾಯಿ ಮೊಸರು ಎಂಬುದು ನಮ್ಮ ಹಿರಿಯರ ಮಾತು. ನಿಪ್ಪಾಣಿ ತಾಲೂಕಿನ ಕೊಗನೊಳ್ಳಿಯಂತಹ ಗಡಿಗ್ರಾಮದ ಜನರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಕಬ್ಬು ಕಡಿಯುವುದು, ಬೀಡಿ ಕಟ್ಟುವುದು, ರೊಟ್ಟಿ ಬಡಿಯುವುದು, ಮಗುವನ್ನು ಎತ್ತಿಕೊಳ್ಳುವುದು ಇವೆಲ್ಲವೂ ಎರಡು ಕೈಗಳ ಕೆಲಸಗಳು. ಪತಿಪತ್ನಿಯರಲ್ಲಿ ಒಬ್ಬರ ತೋಳು ಸೋತರೆ ಸಂಸಾರದ ಭಾರವೆಲ್ಲ ಇನ್ನೊಬ್ಬರ ಮೇಲೆ ಬೀಳುತ್ತದೆ. ಅಂತಹ ತೋಳಿಗೆ ನೆರವಾಗಬಲ್ಲ ಒಂದು ಚಿಕಿತ್ಸೆಯನ್ನು ಕುರಿತು ಈ ಪಾಠದಲ್ಲಿ ತಿಳಿಯೋಣ.

ತೋಳು ಸೋಲಲು ಕಾರಣವೇನು?

ಸ್ನಾಯುಗಳು ತಾವಾಗಿಯೇ ಕೆಲಸ ಮಾಡುವುದಿಲ್ಲ. ಮೆದುಳಿನ ಆಜ್ಞೆಯು ಬೆನ್ನುಹುರಿಗೆ ಇಳಿದು, ಅಲ್ಲಿಂದ ನರಗಳ ಮೂಲಕ ಸ್ನಾಯುವನ್ನು ಮುಟ್ಟಬೇಕು. ಇದನ್ನು ನಿಮ್ಮ ಹೊಲದ ನೀರಾವರಿಗೆ ಹೋಲಿಸಬಹುದು. ನೀರು ಬಾರದಿರಲು ಎರಡು ಕಾರಣಗಳುಂಟು: ತೂಬನ್ನು ತೆರೆಯುವವನಿಲ್ಲದಿರಬಹುದು, ಇಲ್ಲವೇ ಕಾಲುವೆಯೇ ಒಡೆದಿರಬಹುದು.

ಪಾರ್ಶ್ವವಾಯು, ಅಂದರೆ ಜನರು ಲಕ್ವಾ ಎಂದು ಕರೆಯುವ ರೋಗವು ಮೊದಲನೆಯ ಬಗೆಯದು. ಮೆದುಳಿನ ರಕ್ತನಾಳವು ಕಟ್ಟಿಕೊಂಡರೆ ಅಥವಾ ಒಡೆದರೆ ಆಜ್ಞೆ ನೀಡುವ ಭಾಗವು ಕೆಡುತ್ತದೆ. ಆದರೆ ತೋಳಿನ ನರಗಳು ಸಜೀವವಾಗಿಯೇ ಇರುತ್ತವೆ. ಎರಡನೆಯದು ನರಕ್ಕೇ ಪೆಟ್ಟಾಗುವುದು. ಪುಣೆ-ಬೆಂಗಳೂರು ಹೆದ್ದಾರಿಯು ಕೊಗನೊಳ್ಳಿಯ ಬಳಿಯಲ್ಲಿಯೇ ಹಾದುಹೋಗುತ್ತದೆ. ಮೋಟಾರ್ ಸೈಕಲ್ ಅಪಘಾತದಲ್ಲಿ ಭುಜ ಮತ್ತು ಕತ್ತು ಜಗ್ಗಲ್ಪಟ್ಟು, ತೋಳಿಗೆ ಹೋಗುವ ನರಗಳು ಹರಿಯುವುದುಂಟು.

ವಿದ್ಯುತ್ತು ಮಾಡುವ ಕೆಲಸ

ಇಟಲಿಯ ಲುಯಿಗಿ ಗಾಲ್ವಾನಿ ಎಂಬ ವಿಜ್ಞಾನಿಯು ಸತ್ತ ಕಪ್ಪೆಯ ಕಾಲಿನ ಸ್ನಾಯುವು ವಿದ್ಯುತ್ತಿನ ಸೋಂಕಿನಿಂದ ಕುಣಿಯುವುದನ್ನು ಕಂಡು, 1791ರಲ್ಲಿ ಪ್ರಕಟಿಸಿದನು. ಇಂದಿನ ಚಿಕಿತ್ಸೆಗೆ ಇದೇ ತತ್ವವು ಆಧಾರ. ಮುಂಗೈಯ ಹಿಂಭಾಗದ ಚರ್ಮದ ಮೇಲೆ ಎರಡು ಅಂಟುಪಟ್ಟಿಗಳನ್ನು ಇರಿಸಿ, ಸಣ್ಣ ಯಂತ್ರದಿಂದ ಮೃದುವಾದ ವಿದ್ಯುತ್ ಮಿಡಿತಗಳನ್ನು ಕಳುಹಿಸುತ್ತಾರೆ. ಇವು ಸಾಮಾನ್ಯವಾಗಿ ಸೆಕೆಂಡಿಗೆ 20ರಿಂದ 50ರಷ್ಟಿರುತ್ತವೆ. ಆಗ ನರವು ಎಚ್ಚೆತ್ತು ಸ್ನಾಯುವು ಬಿಗಿಯುತ್ತದೆ. ಜೋತುಬಿದ್ದ ಮಣಿಕಟ್ಟು ಮೇಲೇಳುತ್ತದೆ. ಮುಷ್ಟಿ ಸಡಿಲಗೊಂಡು ಬೆರಳುಗಳು ತೆರೆಯುತ್ತವೆ.

ನರವು ಪೂರ್ತಿ ಹರಿದಿದ್ದರೆ ಈ ಮಿಡಿತಗಳಿಂದ ಸ್ನಾಯುವು ಬಿಗಿಯುವುದಿಲ್ಲ. ಅಂತಹವರು ಯಂತ್ರವನ್ನು ನಂಬಿ ಕಾಲ ಕಳೆಯಕೂಡದು. ನರವನ್ನು ಜೋಡಿಸುವ ಶಸ್ತ್ರಚಿಕಿತ್ಸೆಯು ಬಹುಮಟ್ಟಿಗೆ ಮೊದಲ 6 ತಿಂಗಳೊಳಗೆ ನಡೆದರೆ ಮಾತ್ರ ಹೆಚ್ಚು ಫಲ ಕೊಡುತ್ತದೆ. ಆದುದರಿಂದ ಯಾವ ಬಗೆಯ ಸೋಲು ಎಂಬುದನ್ನು ಮೊದಲು ವೈದ್ಯರಿಂದ ತಿಳಿಯತಕ್ಕದ್ದು.

ವಿದ್ಯುತ್ತಿನೊಡನೆ ಮನಸ್ಸೂ ಸೇರಬೇಕು

ಯಂತ್ರವನ್ನು ಕಟ್ಟಿಕೊಂಡು ಸುಮ್ಮನೆ ಮಲಗಿದರೆ ಸಾಕೆಂಬುದು ತಪ್ಪು ಕಲ್ಪನೆ. ಮಿಡಿತ ಬಂದ ಕ್ಷಣದಲ್ಲಿಯೇ ರೋಗಿಯು “ಕೈ ತೆರೆಯುತ್ತೇನೆ” ಎಂದು ತಾನೂ ಮನಃಪೂರ್ವಕ ಪ್ರಯತ್ನಿಸಬೇಕು. ಮೆದುಳು ಮರೆತ ದಾರಿಯನ್ನು ಮತ್ತೆ ಕಲಿಯುವುದು ಇಂತಹ ಸಾವಿರಾರು ಪ್ರಯತ್ನಗಳಿಂದಲೇ. ಇಲ್ಲಿಯೇ ಜೀವನಸಂಗಾತಿಯ ನೆರವು ಬೇಕಾಗುವುದು.

ಪತಿಗೆ ಕೈ ಸೋತಿದೆ ಎನ್ನೋಣ. ಭೌತಚಿಕಿತ್ಸಕರು ತೋರಿಸಿಕೊಟ್ಟಂತೆ ಪತ್ನಿಯು ಅವನೆದುರು ಕುಳಿತು ಖಾಲಿ ಲೋಟವನ್ನು ಇಡಲಿ. ಮಿಡಿತ ಬಂದಾಗ ಅವನು ಬೆರಳುಗಳನ್ನು ತೆರೆಯಲಿ; ನಿಂತಾಗ ಲೋಟವನ್ನು ಹಿಡಿಯಲಿ; ಮತ್ತೆ ಬಂದಾಗ ಬಿಡಲಿ. ಸಾಮಾನ್ಯವಾಗಿ ದಿನಕ್ಕೆ ಒಂದೆರಡು ಬಾರಿ, ಪ್ರತಿ ಬಾರಿಯೂ 20ರಿಂದ 30 ನಿಮಿಷಗಳ ಕಾಲ ಇದನ್ನು ಮಾಡಿಸುವುದುಂಟು. ಪತ್ನಿಗೆ ಕೈ ಸೋತಿದ್ದರೆ ಪತಿಯು ಇದೇ ಸೇವೆಯನ್ನು ಸಂಕೋಚವಿಲ್ಲದೆ ಮಾಡತಕ್ಕದ್ದು. “ಹೆಂಗಸಿನ ಕೈ ತಾನೇ, ಸೊಸೆ ನೋಡಿಕೊಳ್ಳುತ್ತಾಳೆ” ಎಂದು ಉದಾಸೀನ ಮಾಡುವುದು ಸಲ್ಲದು. ಬೀಡಿ ಕಟ್ಟಿಯೋ ರೊಟ್ಟಿ ಬಡಿದೋ ಮನೆಯನ್ನು ನಡೆಸಿದ ಕೈ ಅದು.

ಪಾರ್ಶ್ವವಾಯುವಿನ ನಂತರ ಮೊದಲ ಮೂರು ತಿಂಗಳುಗಳಲ್ಲಿ ಚೇತರಿಕೆ ಹೆಚ್ಚು. ಅನಂತರವೂ ಸುಧಾರಣೆ ಸಾಧ್ಯ, ಆದರೆ ನಿಧಾನ. ಎಲ್ಲರಿಗೂ ಸಮನಾದ ಫಲ ದೊರೆಯುವುದಿಲ್ಲ. ಸ್ವಲ್ಪವಾದರೂ ಚಲನೆ ಉಳಿದವರಲ್ಲಿ ಫಲ ಹೆಚ್ಚು. ಒಂದು ಬೆರಳು ಅಲುಗಿದರೂ ಅದನ್ನು ಗಮನಿಸಿ ಹೇಳಿರಿ. ಆ ಮಾತು ರೋಗಿಗೆ ಧೈರ್ಯವನ್ನು ಕೊಡುತ್ತದೆ.

ಎಚ್ಚರಿಕೆಗಳು

1. ಮನೆಯ ವಿದ್ಯುತ್ 230 ವೋಲ್ಟಿನದು. ಅದು ಪ್ರಾಣವನ್ನು ತೆಗೆಯುತ್ತದೆ. ಮನೆಯ ತಂತಿಯಿಂದಾಗಲಿ, ತಾವೇ ಕಟ್ಟಿದ ಉಪಕರಣದಿಂದಾಗಲಿ “ಕರೆಂಟ್” ಕೊಡುವ ಸಾಹಸವನ್ನು ಎಂದಿಗೂ ಮಾಡಬಾರದು.

2. ಹೃದಯದಲ್ಲಿ ಪೇಸ್‌ಮೇಕರ್ ಇರುವವರು ಈ ಚಿಕಿತ್ಸೆಯನ್ನು ಪಡೆಯಬಾರದು. ಗರ್ಭಿಣಿಯರು, ಮೂರ್ಛೆರೋಗಿಗಳು ಮತ್ತು ಕ್ಯಾನ್ಸರ್ ಇರುವವರು ವೈದ್ಯರಿಗೆ ಮೊದಲೇ ತಿಳಿಸಬೇಕು.

3. ಗಾಯವಾದ ಚರ್ಮ, ಎದೆ, ಕತ್ತಿನ ಮುಂಭಾಗ ಮತ್ತು ಕಣ್ಣುಗಳ ಮೇಲೆ ಪಟ್ಟಿಗಳನ್ನು ಇರಿಸಬಾರದು. ಸ್ಪರ್ಶಜ್ಞಾನ ಕಡಿಮೆಯಾದ ತೋಳಿನಲ್ಲಿ ಸುಟ್ಟರೂ ತಿಳಿಯದು. ಪ್ರತಿ ಬಾರಿಯೂ ಪಟ್ಟಿ ತೆಗೆದ ಮೇಲೆ ಚರ್ಮವನ್ನು ನೋಡಬೇಕು.

4. ಅಂಗಡಿಗಳಲ್ಲಿ ಮಾರುವ ನೋವು ನಿವಾರಣೆಯ ಯಂತ್ರವೂ ಇದೂ ಒಂದೇ ಅಲ್ಲ. ಭೌತಚಿಕಿತ್ಸಕರನ್ನು ಕೇಳದೆ ಹಣ ತೆರಬೇಡಿರಿ.

5. ರೋಗಿಯನ್ನು ಎಬ್ಬಿಸುವಾಗ ಸೋತ ತೋಳನ್ನು ಹಿಡಿದು ಎಳೆಯಬಾರದು. ಭುಜದ ಕೀಲು ಜಾರುತ್ತದೆ. ಕುಳಿತಾಗ ತೋಳಿನ ಕೆಳಗೆ ದಿಂಬನ್ನು ಇರಿಸಬೇಕು. ಬರೆ ಹಾಕಿಸುವುದರಿಂದ ಗಾಯವಾಗುವುದಲ್ಲದೆ ಅನ್ಯ ಲಾಭವಿಲ್ಲ.

ಚಿಕಿತ್ಸೆ ಎಲ್ಲಿ?

ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದು, ಮಾತು ತೊದಲಿದ ಕ್ಷಣದಲ್ಲಿಯೇ 108ಕ್ಕೆ ಕರೆ ಮಾಡಿರಿ. ರಕ್ತದ ಗರಣೆಯನ್ನು ಕರಗಿಸುವ ಔಷಧವನ್ನು, ತಲೆಯ ಸ್ಕ್ಯಾನ್ ಆದ ಬಳಿಕ, ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಮುಂದಿನ ವ್ಯಾಯಾಮ ಚಿಕಿತ್ಸೆಗಾಗಿ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಇಲ್ಲವೇ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಹೋಗುವುದೋ, ಹತ್ತಿರದ ಕೊಲ್ಹಾಪುರಕ್ಕೆ ಹೋಗುವುದೋ ಎಂಬುದನ್ನು ನಿತ್ಯ ಹೋಗಿಬರುವ ಅನುಕೂಲ ನೋಡಿ ನಿರ್ಧರಿಸಬಹುದು. ಮನೆಯಲ್ಲಿ ಮಾಡಿಸಬೇಕಾದ ವ್ಯಾಯಾಮಗಳನ್ನು ದಂಪತಿಗಳಿಬ್ಬರೂ ಕೂಡಿಯೇ ಕಲಿತು ಬನ್ನಿರಿ.

ಪಾಠದ ಸಾರ

ಯಂತ್ರವು ನರವನ್ನು ಎಚ್ಚರಿಸುತ್ತದೆ; ರೋಗಿಯ ಪ್ರಯತ್ನವು ಕೈಗೆ ಕೆಲಸವನ್ನು ಕಲಿಸುತ್ತದೆ; ಸಂಗಾತಿಯ ತಾಳ್ಮೆಯು ಆ ಪ್ರಯತ್ನವನ್ನು ದಿನವೂ ನಡೆಸುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಚಿಕಿತ್ಸೆಯು ಅಪೂರ್ಣ.

ಇಂದೇ ಮಾಡಬೇಕಾದುದು: ಮನೆಯಲ್ಲಿ ಯಾರದಾದರೂ ತೋಳು ಸೋತಿದ್ದರೆ, ಕಾರಣವನ್ನು ವೈದ್ಯರಿಂದ ತಿಳಿಯಿರಿ. ಇಲ್ಲದಿದ್ದರೆ ಇಬ್ಬರೂ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಿರಿ. ಪಾರ್ಶ್ವವಾಯುವಿಗೆ ಅದೇ ಮುಖ್ಯ ಕಾರಣ.