ಮೂರೆಳೆಯ ಹುರಿ

ನೂಲಿನ ಗಿರಣಿಯಲ್ಲಿ ಒಂಟಿ ನೂಲಿಗೆ ಒಂದು ಕಡೆಗೆ ಹುರಿ ಕೊಟ್ಟಿರುತ್ತಾರೆ. ಅಂತಹ ಎರಡು ಮೂರು ನೂಲುಗಳನ್ನು ಜೋಡಿಸುವಾಗ ಎದುರು ಕಡೆಗೆ ಹುರಿ ಕೊಡುತ್ತಾರೆ. ಆಗ ದಾರವು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ನಮ್ಮ ದೇಹವೂ ಇದೇ ಕ್ರಮವನ್ನು ಅನುಸರಿಸುತ್ತದೆ.

ದೇಹವು ಜೀವಕೋಶಗಳಿಂದಾದುದೆಂದು ಎಲ್ಲರೂ ಬಲ್ಲೆವು. ಆ ಕೋಶಗಳ ಹೊರಗೆ ಅವುಗಳನ್ನು ಹಿಡಿದಿಡುವ ಹಂದರವೊಂದಿದೆ. ಕೊಲಾಜನ್ ಎಂಬ ಪ್ರೋಟೀನು ಅದರ ಮುಖ್ಯ ವಸ್ತು. ಚರ್ಮ, ಎಲುಬು, ಒಸಡು ಎಲ್ಲದರಲ್ಲಿಯೂ ಅದುಂಟು. ಅದು ಮೂರೆಳೆಯ ಹುರಿಯೆಂದು 1954–55ರಲ್ಲಿ ತೋರಿಸಿಕೊಟ್ಟವರು ಮದರಾಸು ವಿಶ್ವವಿದ್ಯಾನಿಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ನರು ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದವರು.

ಈ ಹುರಿ ಸಿದ್ಧವಾಗುವ ಬಗೆಯನ್ನು ನೋಡೋಣ.

ಒಂದು: ಕೋಶದೊಳಗೆ ಸುಮಾರು ಸಾವಿರ ಅಮೈನೋ ಆಮ್ಲಗಳ ಉದ್ದನೆಯ ಎಳೆ ತಯಾರಾಗುತ್ತದೆ. ಅದರಲ್ಲಿ ಪ್ರತಿ ಮೂರನೆಯದು ಗ್ಲೈಸೀನ್. ಎಲ್ಲಕ್ಕಿಂತ ಚಿಕ್ಕದಾದ್ದರಿಂದ ಹುರಿಯ ನಡುವಣ ಇಕ್ಕಟ್ಟಿನಲ್ಲಿ ಅದೊಂದೇ ಹಿಡಿಸುತ್ತದೆ. ಅದರ ಸ್ಥಳಕ್ಕೆ ಬೇರೆಯದು ಬಂದರೆ ಹುರಿ ಕೆಡುತ್ತದೆ. ಕೆಲವು ಮಕ್ಕಳು ಸುಲಭವಾಗಿ ಮುರಿಯುವ ಎಲುಬುಗಳೊಡನೆ ಹುಟ್ಟುವುದಕ್ಕೆ ಇದೂ ಒಂದು ಕಾರಣ.

ಎರಡು: ಎಳೆಗಳ ತುದಿಯಲ್ಲಿರುವ ತುಣುಕುಗಳು ತಮ್ಮ ಬಂಧುಗಳನ್ನು ಗುರುತಿಸಿ ಮೂವರನ್ನು ಕೂಡಿಸುತ್ತವೆ. ಎಲುಬಿನ ಹುರಿಯಲ್ಲಿ ಸಾಮಾನ್ಯವಾಗಿ ಎರಡು ಎಳೆ ಒಂದೇ ಬಗೆಯವು, ಮೂರನೆಯದು ಅವುಗಳ ದಾಯಾದಿ. ಕೀಲಿನ ಮೆತ್ತೆಲುಬಿನಲ್ಲಿ ಮೂರೂ ಒಂದೇ ಬಗೆ. ಹೀಗೆ ಮನುಷ್ಯನಲ್ಲಿ 28 ಬಗೆಯ ಕೊಲಾಜನ್ ಉಂಟು. ಪ್ರತಿ ಎಳೆಯ ಸುತ್ತು ಎಡಕ್ಕೆ, ಮೂರರ ಹುರಿ ಬಲಕ್ಕೆ.

ಮೂರು: ಹುರಿಯು ಕೋಶದ ಹೊರಗೆ ಬಂದಾಗ ತುದಿಯ ತುಣುಕುಗಳು ಕತ್ತರಿಸಲ್ಪಡುತ್ತವೆ. ಆಮೇಲೆ ಹುರಿಗಳು ಗೋಡೆಯ ಇಟ್ಟಿಗೆಗಳಂತೆ ಸ್ವಲ್ಪ ಸ್ವಲ್ಪ ಜರುಗಿ ಒಂದರ ಪಕ್ಕಕ್ಕೊಂದು ಕೂಡುತ್ತವೆ. ಅಡ್ಡಕಟ್ಟುಗಳು ಬಿದ್ದು ಹಗ್ಗವಾಗುತ್ತವೆ.

ಈ ಹುರಿಯು ದೇಹದ ಕಾವಿಗೆ ಬಿಚ್ಚಿಕೊಳ್ಳದಿರಬೇಕಾದರೆ ಎಳೆಯಲ್ಲಿನ ಪ್ರೋಲೀನ್ ಎಂಬ ಅಮೈನೋ ಆಮ್ಲಕ್ಕೆ ಒಂದು ಸಂಸ್ಕಾರವಾಗಬೇಕು. ಅದಕ್ಕೆ ಜೀವಸತ್ವ 'ಸಿ' ಅವಶ್ಯಕ. ಬಹುಕಾಲ ಅದು ದೊರೆಯದಿದ್ದರೆ ಒಸಡು ಊದಿ ರಕ್ತ ಬರುತ್ತದೆ, ಗಾಯ ಮಾಯುವುದಿಲ್ಲ. ಹಿಂದೆ ಸಾವಿರಾರು ನಾವಿಕರನ್ನು ಕೊಂದ ಸ್ಕರ್ವಿ ರೋಗವು ಇದೇ. ನಿಂಬೆ, ಕಿತ್ತಳೆಗಳಿಂದ ಅದು ಗುಣವಾಗುವುದನ್ನು ಜೇಮ್ಸ್ ಲಿಂಡ್ ಎಂಬ ವೈದ್ಯನು 1747ರಲ್ಲಿ ಪರೀಕ್ಷಿಸಿ ಕಂಡನು.

ಮನೆಯಿಂದ ದೂರವಿದ್ದು ಮೆಸ್ಸಿನ ಅನ್ನ–ಸಾರಿನಲ್ಲಿಯೇ ದಿನ ನೂಕುವ ನಮ್ಮವರು ಇದನ್ನು ಗಮನಿಸಬೇಕು. 'ಸಿ' ಸತ್ವವು ಕುದಿಸಿದರೆ ಬಹಳಷ್ಟು ನಾಶವಾಗುತ್ತದೆ. ದೇಹವು ಅದನ್ನು ತಾನೇ ತಯಾರಿಸಿಕೊಳ್ಳಲಾರದು. 1958ರಲ್ಲಿ ಕೂನೂರಿನಿಂದ ನಮ್ಮ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣ ಸಂಸ್ಥೆಯು ನಮ್ಮ ದೇಶದ ಆಹಾರಗಳ ಸತ್ವವನ್ನು ಅಳೆದಿಟ್ಟಿದೆ. ನೂರು ಗ್ರಾಂ ಪೇರಲ ಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ 'ಸಿ' ಸತ್ವವುಂಟು. ದಿನದ ಅವಶ್ಯಕತೆ ಅದರ ಅರ್ಧಕ್ಕಿಂತಲೂ ಕಡಿಮೆ. ಇಲ್ಲಿನ ಗಾಡಿಗಳಲ್ಲಿ ಜಾಮಕಾಯಿ ಎಂದು ಮಾರುವುದು ಇದನ್ನೇ. ನೆಲ್ಲಿಕಾಯಿಯೂ ಆದೀತು, ಊಟದ ಮೇಲೆ ಹಿಂಡಿಕೊಂಡ ನಿಂಬೆಯೂ ಸ್ವಲ್ಪಮಟ್ಟಿಗೆ ಆದೀತು.

ಒಸಡಿನ ರಕ್ತಕ್ಕೆ ಬೇರೆ ಕಾರಣಗಳೂ ಉಂಟು. ನಿಲ್ಲದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.